ನಾನು ಹಾರ್ಟಿನಿಂದ ತೀರಿಕೊಂಡದ್ದು

ನನ್ನನ್ನು ನೋಡಲು ಬಂದವರೆಲ್ಲ ಒಂದೊಂದೇ ಸಲ ಬಂದರು. ಕಾಯಿಲೆಯವರನ್ನು ನೋಡಿಕೊಂಡು ಬರುವುದಕ್ಕೆ ನಮ್ಮ ಅಜ್ಜಂಪುರದ ಕಡೆ ಒಂದು ಕ್ರಮವಿದೆ. ಮಂಗಳವಾರ ಶುಕ್ರವಾರ ಹೋಗಬಾರದು, ಬರಿಗೈಯಲ್ಲಿ ಹೋಗಬಾರದು. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಅಮಾವಾಸ್ಯೆಯೊಳಗೆ ಹೋಗಿ ಮುಗಿಸಿಬಿಡಬೇಕು. ಅಮಾವಾಸ್ಯೆ ದಾಟುತ್ತಾರೋ ಇಲ್ಲವೋ ಯಾರು ಕಂಡರು! ಹಾಗೆ ಬಂದವರು ನನ್ನ ಹೊಲಿಗೆ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು, "ಎಂಥಾ ಕೈಯಿತ್ತು ಕಣೇ ನಿಂದು" ಎಂದು ಕಣ್ಣೀರು ಹಾಕಿದರು. ಆ ಕೈಯಲ್ಲಿ ಆಗ ಕತ್ತರಿಯಿತ್ತು. ಎದುರಿಗೆ ಅವರದೇ ರವಿಕೆಯ ಬಟ್ಟೆ ಹರಡಿತ್ತು.

ಆಮೇಲೆ ಅಮಾವಾಸ್ಯೆ ಬಂತು, ಹೋಯಿತು. ಇನ್ನೊಂದು ಬಂತು. ನಾನು ಸಾಯಲಿಲ್ಲ. ಅತ್ತು ಹೋದವರಿಗೆ ಇದರಿಂದ ಬಹಳ ಇರಿಸುಮುರಿಸಾಯಿತು. ಸಂತೆಯಲ್ಲಿ ನಾನು ಎದುರಾದರೆ ಸೊಪ್ಪಿನವಳ ಕಡೆ ತಿರುಗಿ ಬೇಡದ ಸೊಪ್ಪಿಗೆ ಚೌಕಾಸಿ ಮಾಡುತ್ತ ನಿಲ್ಲುತ್ತಾರೆ. ನಮ್ಮ ಜನರ ಪ್ರಕಾರ ಕಾಯಿಲೆಗೆ ಇರುವುದು ಎರಡೇ ದಾರಿ. ವಾಸಿಯಾಗಬೇಕು, ಇಲ್ಲ ಹೋಗಬೇಕು. ರೋಗವನ್ನು ಮೈಯಲ್ಲಿಟ್ಟುಕೊಂಡೇ ಮುದ್ದೆ ಉಂಡು, ಕಾಜಾ ಹೊಲಿದು, ಪಕ್ಕದ ಮನೆಯವರ ಜೊತೆ ನೀರಿಗೆ ಜಗಳವಾಡಿಕೊಂಡು ಇರುವವಳನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯುವುದಿಲ್ಲ. "ಕೂದ್ಲು ಹಂಗೇ ಐತಲ್ಲೇ?" ಎಂದು ಒಬ್ಬಳು ನನ್ನ ಜಡೆಯನ್ನು ಮೆಲ್ಲಗೆ ಎಳೆದೇ ನೋಡಿದಳು. ಬೇಕಿದ್ದರೆ ರವಿಕೆ ಬಿಚ್ಚಿ ಎಡಗಡೆ ತೋರಿಸಬಹುದಿತ್ತು. ಅವಳಿಗೆ ಅಷ್ಟು ಮರ್ಯಾದೆ ಕೊಡುವ ಅಗತ್ಯ ಕಾಣಲಿಲ್ಲ.

ಕ್ಯಾನ್ಸರ್ ಎಂದು ಎಡಗಡೆಯ ಮೊಲೆಯನ್ನು ತೆಗೆದ ಮೇಲೆ ಕೆಲವು ವರ್ಷ ಚೆನ್ನಾಗಿಯೇ ಇದ್ದೆ. ಆಮೇಲೆ ಬೆನ್ನು ನೋವು ಶುರುವಾಯಿತು. ಮಿಷನ್ ತುಳಿದೂ ತುಳಿದೂ ಎಂದರು, ವಯಸ್ಸು ಎಂದರು, ವಾಯು ಎಂದು ಎಣ್ಣೆ ತಿಕ್ಕಿಸಿದರು. ವಾಯುವಲ್ಲ, ಅದೇ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಶಿವಮೊಗ್ಗದ ಆಸ್ಪತ್ರೆಯ ಡಾಕ್ಟರು ಸುತ್ತಿಬಳಸದೆ ಹೇಳಿದರು: "ಇದು ಪೂರ್ತಿ ಹೋಗಲ್ಲ ಅಮ್ಮ. ಕಟ್ಟಿ ಹಾಕಬಹುದು. ಕಟ್ಟಿ ಹಾಕಿದಷ್ಟು ದಿನ ನೀವು ನಿಮ್ಮ ಕೆಲಸ ಮಾಡ್ಕೊಂಡು ಇರಬಹುದು." ದಿನಕ್ಕೊಂದು ಮಾತ್ರೆ. ತಿಂಗಳಿಗೊಂದು ಗುರುವಾರ ಮೂಳೆಗೆ ಡ್ರಿಪ್ಪು, ಸೊಂಟದ ಎರಡೂ ಕಡೆ ಇಂಜೆಕ್ಷನ್ನು. ಇಷ್ಟೇ ನನ್ನನ್ನು ಹಿಡಿದಿಟ್ಟಿರುವ ಹಗ್ಗ.

ಆ ಹಗ್ಗದ ತುದಿ ಮಾತ್ರ ನನ್ನ ಕೈಯಲ್ಲಿಲ್ಲ. ಸರ್ಕಾರದ ಕಾರ್ಡಿನಲ್ಲಿ ಆಗುವ ಚಿಕಿತ್ಸೆಯಾದ್ದರಿಂದ ಪ್ರತಿ ಸಲವೂ ಎಲ್ಲಿಂದಲೋ ಅಪ್ರೂವಲ್ ಬರಬೇಕು. ಒಮ್ಮೆ ಅದು ಬರಲಿಲ್ಲ. ಸರ್ವರ್ ಇಲ್ಲ ಎಂದರು, ಹೆಬ್ಬೆಟ್ಟು ಕೂರುತ್ತಿಲ್ಲ ಎಂದರು. ಸೂಜಿ ಚುಚ್ಚಿಸಿಕೊಂಡ ಹೆಬ್ಬೆಟ್ಟು ಕೂರುವುದಾದರೂ ಹೇಗೆ! ಅಂತೂ ಆ ಸಲ ಚಿಕಿತ್ಸೆ ತಪ್ಪಿತು. ಮುಂದಿನ ಸ್ಕ್ಯಾನಿನಲ್ಲಿ ಸೊಂಟದ ಮೂಳೆಯಲ್ಲಿ ಹೊಸ ಚುಕ್ಕೆ ಕಂಡಿತು. ತಪ್ಪಿದ್ದಕ್ಕೇ ಬಂತು ಎಂದು ಡಾಕ್ಟರು ಹೇಳಲಿಲ್ಲ. "ಇನ್ನು ಮೇಲೆ ತಪ್ಪಿಸಬೇಡಿ" ಎಂದಷ್ಟೇ ಹೇಳಿದರು. ಅವರು ಹೇಳಿದ ರೀತಿ ನನಗೆ ಸಾಕಾಯಿತು. ಅಂದಿನಿಂದ ಊರಿನವರ ಕ್ಯಾಲೆಂಡರಿನಲ್ಲಿ ಏನೇನು ಹಬ್ಬವಿದ್ದರೂ ನನ್ನದರಲ್ಲಿ ಇರುವುದು ಆ ಗುರುವಾರ ಒಂದೇ.

ನನಗೆ ತರೀಕೆರೆಯಲ್ಲಿ ಒಬ್ಬಳು ನಾದಿನಿ ಇದ್ದಾಳೆ, ನನ್ನ ಗಂಡನ ತಂಗಿ. ನಮಗೆ ಮಕ್ಕಳಿಲ್ಲದ್ದರಿಂದ ಅವಳ ಮಗಳೇ ಇಡೀ ವಂಶಕ್ಕೆ ಮುದ್ದಿನವಳು. ಆ ಹುಡುಗಿಗೆ ಸಿಂಗಟಗೆರೆಯ ಕಡೆಯಿಂದ ಗಂಡು ಬಂತು. ತೆಂಗಿನ ತೋಟ ಇದೆ, ಹುಡುಗ ಕಡೂರಿನಲ್ಲಿ ಕಾಯಿ ವ್ಯಾಪಾರ ಮಾಡುತ್ತಾನೆ, ಒಳ್ಳೆಯ ಜನ, ಮಠಕ್ಕೆ ನಡೆದುಕೊಳ್ಳುವವರು ಎಂದೆಲ್ಲ ಕೇಳಿದೆ. ಹೆಣ್ಣು ನೋಡುವ ದಿನ ನನ್ನನ್ನು ಕರೆಯಲಿಲ್ಲ. ಬೆನ್ನು ನೋವಿನವಳನ್ನು ಬಸ್ಸಿನಲ್ಲಿ ಯಾಕೆ ಕುಲುಕಿಸುವುದು ಎಂದುಕೊಂಡಿರಬೇಕೆಂದು ನಾನೇ ಅವರ ಪರವಾಗಿ ನೆಪ ಹುಡುಕಿಕೊಂಡೆ.

ಅದಾದ ಮೇಲೆ ನಾದಿನಿಯ ಕಡೆಯಿಂದ ರವಿಕೆಯ ಬಟ್ಟೆ ಬಂತು. ನವಿಲು ಬಣ್ಣದ ರೇಷ್ಮೆ, ಹೂ ಮುಡಿಸುವ ಶಾಸ್ತ್ರಕ್ಕೆ. ನನಗೆ ಆಶ್ಚರ್ಯವಾಯಿತು. ಕಾಯಿಲೆ ಗೊತ್ತಾದ ಮೇಲೆ ಊರಿನವರು ದಿನಬಳಕೆಯ ರವಿಕೆ ಕೊಡುತ್ತಿದ್ದರೇ ಹೊರತು ಮದುವೆ ಮುಂಜಿಯ ರವಿಕೆಗಳನ್ನು ಕಡೂರಿನ ಲೇಡೀಸ್ ಟೈಲರಿಗೆ ಸದ್ದಿಲ್ಲದೆ ದಾಟಿಸಿದ್ದರು. ಹುಡುಗಿಯೇ ಫೋನಿನಲ್ಲಿ ಹೇಳಿದಳು: "ಬೇರೆಯವ್ರು ಹೊಲಿದ್ರೆ ತೋಳು ಹಿಡಿಯುತ್ತೆ ಅತ್ತೆ. ನೀನೇ ಹೊಲಿಬೇಕು ಅಂತ ಹಟ ಮಾಡ್ದೆ." ಸಂತೋಷವಾಯಿತು, ಸುಳ್ಳು ಯಾಕೆ ಹೇಳಲಿ. ನೋಯುವ ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು ತೋಳಿನ ಅಂಚಿಗೆ ಸಣ್ಣ ಕಮಲದ ಮೊಗ್ಗು ಹಾಕಿದೆ. ಅಂಥ ಕೆಲಸ ನಾನು ಯಾರಿಗೂ ಮಾಡಿರಲಿಲ್ಲ.

ರವಿಕೆ ಕಳಿಸಿದ ದಿನ ನಮ್ಮ ಯಜಮಾನರು ಊಟ ಮಾಡಿ ತಮ್ಮ ತಟ್ಟೆಯನ್ನು ತಾವೇ ತೊಳೆದಿಟ್ಟರು. ಗೋಣಿಚೀಲದ ವ್ಯಾಪಾರ ಮಾಡುವ ಮನುಷ್ಯ. ಮದುವೆಯಾದಾಗಿನಿಂದ ತಟ್ಟೆ ತೊಳೆದವರಲ್ಲ. ಏನೋ ಕಾದಿದೆ ಎಂದು ಗೊತ್ತಾಯಿತು.

"ಶಾಸ್ತ್ರ ಬರೋ ಗುರುವಾರ ಇಟ್ಕೊಂಡಿದಾರೆ" ಎಂದರು.

"ಗುರುವಾರ ನನ್ನ ಡ್ರಿಪ್ಪಲ್ವಾ?"

"ಅದೇ. ಸೋದರಮಾವ ನಾನು. ತಾಂಬೂಲದ ತಟ್ಟೆ ಬದಲಾಯಿಸುವಾಗ ನಾನು ಕೂರ್ಬೇಕು. ನಿನ್ ಜೊತೆ ಬರಕ್ಕಾಗಲ್ಲ."

"ಸರಿ, ನಾನೊಬ್ಳೇ ಹೋಗ್ಬತ್ತೀನಿ. ನೀವು ತರೀಕೆರೇಲಿ ಇಳ್ಕೊಳಿ, ನಾನು ಶಿವಮೊಗ್ಗಕ್ಕೆ ಬೇರೆ ಬಸ್ ಹತ್ಕೋತೀನಿ."

"ಒಂದ್ ತಿಂಗ್ಳು ಬಿಟ್ರೆ ಏನಾಗುತ್ತೆ?"

ಹೊಸ ಚುಕ್ಕೆ ಕಂಡ ಸ್ಕ್ಯಾನಿನ ಫೈಲನ್ನು ತಂದು ಅವರ ಮುಂದಿಟ್ಟೆ. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು: "ನೀನು ತರೀಕೆರೆ ಬಸ್ ಸ್ಟ್ಯಾಂಡಲ್ಲಿ ಓಡಾಡೋದು ಬೇಡ ಅಂತ ನನ್ ತಂಗಿ ಹೇಳ್ತಿದ್ಲು. ಅವತ್ತು ಗಂಡಿನ ಕಡೆಯವ್ರೆಲ್ಲ ಅಲ್ಲೇ ಇರ್ತಾರೆ. ಯಾರಾದ್ರೂ ನಮ್ಮವ್ರು ನಿನ್ನ ಮಾತಾಡ್ಸಿ, ಅವ್ರಿಗೆ ಗೊತ್ತಾಗಿ... ನೋಡು, ಬೇಜಾರು ಮಾಡ್ಕೋಬೇಡ. ನಮ್ ಮನೇಲಿ ಈ ಕಾಯಿಲೆ ಐತೆ ಅಂದ್ರೆ ಹೆಣ್ಣಿಗೆ ಕಷ್ಟ ಅಂತ, ನೀನು... ನೀನು ಹೋಗ್ಬಿಟ್ಟಿದೀಯಾ ಅಂತ ಹೇಳಿದೀವಿ."

"ಎಲ್ಲಿಗೆ?"

ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಆಗ ಅರ್ಥವಾಯಿತು.

"ಯಾವಾಗ ಸತ್ತೆ?" ಎಂದು ಕೇಳಿದೆ.

"ಹೋದ ವರ್ಷ."

"ಏನಾಗಿ?"

"ಹಾರ್ಟು."

ಒಳ್ಳೆಯ ಸಾವನ್ನೇ ಆರಿಸಿದ್ದರು. ಹಾರ್ಟಿಗೆ ಮರ್ಯಾದೆ ಇದೆ, ರಕ್ತದಲ್ಲಿ ಹರಿದು ಬರುತ್ತದೆಂದು ಯಾರೂ ಹೆದರುವುದಿಲ್ಲ. ಅದೂ ಅಲ್ಲದೆ ನಾನು ಆ ಹುಡುಗಿಗೆ ರಕ್ತ ಸಂಬಂಧಿಯೇ ಅಲ್ಲ, ಮಾವನ ಹೆಂಡತಿ. ನನ್ನ ಮೂಳೆಯ ರೋಗ ಅವಳ ಮೂಳೆಗೆ ಯಾವ ಬಸ್ಸು ಹತ್ತಿ ಹೋಗಬೇಕು? ಇಷ್ಟು ಸಣ್ಣ ವಿಷಯ ಕೂಡ ಆ ಮನೆಯ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಸತ್ತವಳ ಕೈಯಲ್ಲಿ ರವಿಕೆ ಹೊಲಿಸಿಕೊಳ್ಳಲು ಮಾತ್ರ ಯಾರಿಗೂ ಅಡ್ಡಿಯಾಗಿರಲಿಲ್ಲ.

"ಹಂಗಾದ್ರೆ ನೀವು ಹೆಂಡ್ತಿ ಕಳ್ಕೊಂಡವ್ರು. ಬೇರೆ ಹೆಣ್ಣು ನೋಡ್ತೀವಿ ಅಂತ ಯಾರೂ ಅನ್ಲಿಲ್ವಾ?" ಎಂದೆ. ಅವರ ಕಿವಿ ಕೆಂಪಾಯಿತು. ಯಾರೋ ಅಂದಿದ್ದರೆಂದು ಅದರಿಂದಲೇ ತಿಳಿಯಿತು.

"ಮದುವೆ ಆದ್ಮೇಲೆ ಗೊತ್ತಾಗಲ್ವಾ? ಎಷ್ಟು ದಿನ ಮುಚ್ಚಿಡ್ತೀರಿ?"

"ಮದುವೆಗಿನ್ನೂ ಟೈಮೈತೆ. ಅಷ್ಟ್ರಲ್ಲಿ..." ಎಂದವರು ಮಾತು ನುಂಗಿದರು.

ಅಷ್ಟರಲ್ಲಿ ಸುಳ್ಳು ನಿಜವಾಗಿರುತ್ತದೆ. ಅವರು ಹೇಳಲು ಹೊರಟಿದ್ದು ಅದನ್ನೇ. ಬಾಯಿ ತಪ್ಪಿ ಬಂದ ಮಾತಲ್ಲ ಅದು. ಅಣ್ಣ ತಂಗಿ ಕೂತು ಯೋಚಿಸಿ ಇಟ್ಟುಕೊಂಡಿದ್ದ ಏರ್ಪಾಡು. ನಮ್ಮ ಯಜಮಾನರು ಕೆಟ್ಟವರಲ್ಲ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಕೆಟ್ಟವರಾಗಲಿಕ್ಕೂ ಬೆನ್ನುಮೂಳೆ ಬೇಕು. ನನ್ನದರಲ್ಲಿ ರೋಗವಾದರೂ ಇದೆ, ಅವರದ್ದು ಸ್ಕ್ಯಾನಿಗೂ ಸಿಕ್ಕುವುದಿಲ್ಲ. ಅವತ್ತು ಅವರ ಮುಂದೆ ಅಳಬಾರದೆಂದು ಹಿತ್ತಲಿಗೆ ಹೋಗಿ, ತೊಳೆದಿಟ್ಟಿದ್ದ ಆ ತಟ್ಟೆಯನ್ನೇ ಮತ್ತೆ ಬೂದಿ ಹಾಕಿ ಉಜ್ಜಿದೆ.

ಗುರುವಾರ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಬಳಿದುಕೊಂಡು ಸಂಬಂಧಿಕರ ಕಾರಿನಲ್ಲಿ ಮುಂಚೆಯೇ ಹೊರಟರು. "ಮನೇಲೇ ಇರ್ತೀಯಲ್ಲ?" ಎಂದು ಕೇಳಿದರು. "ಸತ್ತವ್ರು ಎಲ್ಲಿಗೆ ಹೋಗ್ತಾರೆ" ಎಂದೆ. ಅವರು ಅದನ್ನು ಒಪ್ಪಿಗೆಯೆಂದು ತಿಳಿದರು. ಕಾರು ಸರ್ಕಲ್ ದಾಟುತ್ತಿದ್ದಂತೆ ನಾನು ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಫೈಲನ್ನು ವೈರ್ ಬುಟ್ಟಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದೆ.

ತರೀಕೆರೆಯಲ್ಲಿ ಬಸ್ ಬದಲಾಯಿಸಬೇಕು. ಇಳಿದು ನಿಂತಾಗ ಎದುರು ರಸ್ತೆಯಲ್ಲಿ ಒಂದು ಟೆಂಪೋದಿಂದ ಹೆಂಗಸರು ಹೂವಿನ ತಟ್ಟೆ ಹಿಡಿದು ಇಳಿಯುತ್ತಿದ್ದರು. ನಮ್ಮ ಬೀದಿಯಿಂದ ಮದುವೆಯಾಗಿ ಬಂದ ಒಬ್ಬಳು ನನ್ನನ್ನು ಕಂಡು, "ಏನಕ್ಕಾ, ಶಾಸ್ತ್ರಕ್ಕೆ ಬಂದ್ಯಾ?" ಎಂದು ಗಂಟಲು ಹರಿಯುವ ಹಾಗೆ ಕೂಗಿದಳು. "ಇಲ್ಲಮ್ಮ, ನಾನು ತೀರ್ಕೊಂಡಿದೀನಿ" ಎಂದು ಶಿವಮೊಗ್ಗದ ಬಸ್ಸು ಹತ್ತಿದೆ. ಅವಳು ಬಾಯಿ ಬಿಟ್ಟುಕೊಂಡು ನಿಂತಿದ್ದಳು.

ಆಸ್ಪತ್ರೆಯಲ್ಲಿ ಅಪ್ರೂವಲ್ ಬಂದಿತ್ತು. ಹೆಬ್ಬೆಟ್ಟು ಕೂಡ ಒಂದೇ ಸಲಕ್ಕೆ ಕೂತಿತು. ಇಷ್ಟು ಸುಸೂತ್ರವಾದರೆ ಎಲ್ಲೋ ಕೆಡುತ್ತದೆ ಎಂದುಕೊಳ್ಳುತ್ತಿರುವಾಗಲೇ ಡ್ರಿಪ್ ಕೋಣೆಯ ಸಿಸ್ಟರ್ ತಲೆಯೆತ್ತಿ, "ಅಟೆಂಡರ್ ಎಲ್ಲಿ?" ಎಂದರು.

ಜೊತೆಗೆ ಮನೆಯವರು ಒಬ್ಬರು ಇರಬೇಕು, ಸಹಿ ಹಾಕಬೇಕು, ಡ್ರಿಪ್ ಮುಗಿಯುವ ತನಕ ಪಕ್ಕದಲ್ಲಿ ಕೂರಬೇಕು. ಅದು ನಿಯಮ. ನಮ್ಮ ಯಜಮಾನರು ಪ್ರತಿ ತಿಂಗಳೂ ಬಂದು ಮಾಡುತ್ತಿದ್ದ ಘನಕಾರ್ಯವೆಂದರೆ ಒಂದು ಸಹಿ, ಒಂದು ನಿದ್ದೆ. ಅವರ ಬೆಲೆ ಅಷ್ಟೇ ಎಂದುಕೊಂಡಿದ್ದೆ. ಆ ಅಷ್ಟಕ್ಕೇ ನನ್ನ ಜೀವ ಜೋತುಬಿದ್ದಿದೆ ಎಂದು ಅವತ್ತು ಗೊತ್ತಾಗಿ ಮೈಯೆಲ್ಲ ಉರಿಯಿತು.

"ನಾನೇ ಸೈನ್ ಹಾಕ್ತೀನಿ ಸಿಸ್ಟರ್. ಬಿದ್ರೂ ನಾನೇ ಬೀಳೋದು."

"ಹಂಗಾಗಲ್ಲಮ್ಮ. ಯಾರನ್ನಾದ್ರೂ ಕರೆಸಿ. ಊಟದ ಟೈಮ್ ಆದ್ಮೇಲೆ ಹೊಸದಾಗಿ ಡ್ರಿಪ್ ಹಾಕಲ್ಲ. ಇವತ್ತು ಬಿಟ್ರೆ ಅಪ್ರೂವಲ್ ಮತ್ತೆ ಹಾಕಿಸ್ಬೇಕಾಗುತ್ತೆ."

ಹೊರಗೆ ಬಂದು ಬೆಂಚಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದೆ. ಹಿಂದೆ ಹೆಂಗಸರ ಗದ್ದಲ ಕೇಳುತ್ತಿತ್ತು. ಅವರು ಪಿಸುದನಿಯಲ್ಲಿ, "ಈಗ ತಟ್ಟೆ ಬದಲಾಯಿಸ್ತಿದಾರೆ, ಆಮೇಲ್ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಎಲ್ಲಿದ್ದೀಯಾ ಎಂದು ಕೂಡ ಕೇಳಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಮತ್ತೆ ಆ ಸರ್ವರ್, ಆ ಹೆಬ್ಬೆಟ್ಟು, ಆಮೇಲೆ ಸ್ಕ್ಯಾನಿನಲ್ಲಿ ಇನ್ನೊಂದು ಚುಕ್ಕೆ. ನನಗೆ ನಿಜವಾಗಿ ಭಯವಾಯಿತು. ಇಷ್ಟು ಹೊತ್ತು ಎಲ್ಲರನ್ನೂ ಬೈದುಕೊಂಡು ತಡೆದಿದ್ದೆ. ಆಗ ಬೈಗುಳವೂ ಮುಗಿದು, ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

"ನಿಮ್ಗೂ ಆಗಲ್ಲ ಅಂದ್ರಾ ಅಕ್ಕ?"

ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ನನಗಿಂತ ಸ್ವಲ್ಪ ಚಿಕ್ಕವಳು. ತಲೆಗೆ ಹತ್ತಿಯ ಸ್ಕಾರ್ಫು, ಹುಬ್ಬು ಉದುರಿದ ಜಾಗದಲ್ಲಿ ಕಾಡಿಗೆಯಿಂದ ಎಳೆದ ಗೆರೆ, ಕೈತುಂಬ ಹೊಸ ಹಸಿರು ಬಳೆ. ನನ್ನದೇ ಕಾಯಿಲೆ, ಅವಳಿಗೆ ಕೂದಲು ಉದುರಿಸುವ ಡ್ರಿಪ್ಪು. ಅವಳಿಗೂ ಜೊತೆಗೆ ಯಾರೂ ಇರಲಿಲ್ಲ.

"ನಿಮ್ಮನೇವ್ರು ಯಾಕ್ ಬರ್ಲಿಲ್ಲ?" ಎಂದೆ.

"ಪಾಪ, ಅವ್ರಿಗೂ ನನ್ನಿಂದ ಎಷ್ಟು ತೊಂದ್ರೆ ಕಣಕ್ಕಾ" ಎಂದು ಶುರುಮಾಡಿದಳು. ನನಗೆ ಆ 'ಪಾಪ' ಕೇಳಿಯೇ ಅಸಹ್ಯವಾಯಿತು. ನಮ್ಮ ಹೆಂಗಸರು ಇಂಥ ಕಡೆ ಬಂದು ಕೂತರೂ ಆ ಪದವನ್ನು ಮನೆಯವರಿಗೇ ಮೀಸಲಿಟ್ಟಿರುತ್ತಾರೆ. ಅವಳು ಮುಂದುವರಿಸಿದಳು: "ಇವತ್ತು ನಮ್ ಹುಡುಗಂದು ಹೂ ಮುಡ್ಸೋ ಶಾಸ್ತ್ರ. ಸಿಂಗಟಗೆರೆಯಿಂದ ಎಲ್ರೂ ತರೀಕೆರೆಗೆ ಹೋಗವ್ರೆ. ನಂಗೆ ಹಿಂಗಾಗೈತೆ ಅಂತ ಹೆಣ್ಣಿನ್ ಕಡೆಯವ್ರಿಗೆ ಹೇಳಿಲ್ಲ. ಬಚ್ಚಲಲ್ಲಿ ಜಾರಿ ಕಾಲು ಮುರ್ಕಂಡವ್ಳೆ ಅಂತ ಹೇಳವ್ರೆ. ಹೆಣ್ಣು ನೋಡಕ್ಕೂ ನಾನು ಹೋಗ್ಲಿಲ್ಲ. ಫೋಟೋದಾಗೆ ನೋಡಿದೀನಿ ಅಷ್ಟೇ, ಬಲು ಲಕ್ಷಣವಾಗವ್ಳೆ."

ಆ ಹೊಸ ಹಸಿರು ಬಳೆ ಯಾವ ಶಾಸ್ತ್ರದ್ದೆಂದು ಆಗ ತಿಳಿಯಿತು. ಆಮೇಲೆ ಹೇಳಿದೆ: "ಪುಣ್ಯವಂತೆ ನೀವು. ಬರೀ ಕಾಲು ಮುರಿದು ಬಿಟ್ಟಿದಾರೆ."

ಅವಳಿಗೆ ಅರ್ಥವಾಗಲಿಲ್ಲ, ನಕ್ಕಳು. ಹೆಣ್ಣಿನ ಕಡೆಯವರ ಗುಣಗಾನ ಮಾಡತೊಡಗಿದಳು. ಎಂಥ ಮನೆತನ, ಎಂಥ ನೇರ ಜನ. "ಹುಡುಗಿಗೆ ಒಬ್ರು ಅತ್ತೆ ಇದ್ರಂತೆ, ಸೋದರಮಾವನ ಹೆಂಡ್ತಿ. ಹೋದ ವರ್ಷ ಹಾರ್ಟ್ ನಿಂತು ಹೋಗ್ಬಿಟ್ರಂತೆ. ಚಿನ್ನದಂಥ ಹೆಂಗ್ಸಂತೆ ಕಣಕ್ಕಾ."

"ಹಂಗಂತ ಯಾರಂದ್ರು?"

"ಹುಡುಗಿ ಅವ್ವನೇ. ಅವ್ರ ವಿಷ್ಯ ಹೇಳ್ತಾ ಹೇಳ್ತಾ ಅತ್ತೇಬಿಟ್ರಂತೆ. ನಮ್ಮನೇವ್ರು ಬಂದು ಹೇಳುದ್ರು."

ನಾದಿನಿ ನನ್ನ ಮದುವೆಯ ದಿನ ನನ್ನ ಬಣ್ಣದ ಬಗ್ಗೆ ಮಾತಾಡಿದವಳು. ಆಮೇಲೆ ಸಾರಿನ ಬಗ್ಗೆ, ಮಕ್ಕಳಾಗದ್ದರ ಬಗ್ಗೆ, ಬಾಯಿಯ ಬಗ್ಗೆ. ಅವಳ ಬಾಯಲ್ಲಿ ಚಿನ್ನವಾಗಬೇಕಾದರೆ ನಾನು ಸಾಯಬೇಕಾಯಿತು. ಅಳುವಷ್ಟು ಚೆನ್ನಾಗಿ ಸುಳ್ಳು ಹೇಳುವವರನ್ನು 'ನೇರ ಜನ' ಎಂದು ನಂಬಿದವರು ಇವರು. ಸ್ವಂತ ತಾಯಿಯ ಕಾಲು ಮುರಿದಿಟ್ಟು ಬಂದವರನ್ನು 'ಒಳ್ಳೆಯ ಜನ' ಎಂದು ನಂಬಿದವರು ಅವರು. ತಟ್ಟೆ ಬದಲಾಯಿಸಿಕೊಳ್ಳಲು ಇದಕ್ಕಿಂತ ಸರಿಸಮಾನರು ಎಲ್ಲಿ ಸಿಗಬೇಕು!

ಆದರೆ ಗಡಿಯಾರ ಓಡುತ್ತಿತ್ತು. "ಏಳಿ" ಎಂದು ಅವಳ ಕೈ ಹಿಡಿದು ಎಬ್ಬಿಸಿದೆ. ಸಿಸ್ಟರ್ ಮುಂದೆ ನಿಲ್ಲಿಸಿ, "ನನಗೆ ಇವರು ಅಟೆಂಡರ್, ಇವರಿಗೆ ನಾನು. ಮೊದ್ಲು ನನ್ನ ಸಣ್ಣ ಡ್ರಿಪ್ಪು ಮುಗಿಸಿ, ಆಮೇಲೆ ಇವರದ್ದು ಹಾಕಿ. ಮುಗಿಯೋ ತನಕ ನಾನು ಕೂತಿರ್ತೀನಿ" ಎಂದೆ.

"ಪೇಷಂಟಿಗೆ ಪೇಷಂಟೇ ಅಟೆಂಡರಾ?"

"ಯಾಕೆ, ಆಗಲ್ಲ ಅಂತ ಎಲ್ಲಾದ್ರೂ ಬರೆದೈತಾ? ನಮ್ಮನೇವ್ರು ಇಲ್ಲಿ ಬಂದು ಗೊರಕೆ ಹೊಡೀತಿದ್ರು. ಇವರು ಎಚ್ಚರವಾಗಾದ್ರೂ ಇರ್ತಾರೆ."

ಸಿಸ್ಟರಿಗೆ ನಗು ಬಂತೋ, ಸಾಕಾಯಿತೋ, ಗೊತ್ತಿಲ್ಲ. ಒಳಗೆ ಹೋಗಿ ಡಾಕ್ಟರನ್ನು ಕೇಳಿಕೊಂಡು ಬಂದರು. ನನ್ನನ್ನು ಕುರ್ಚಿಗೆ ಒರಗಿಸಿ, ಕೈಗೆ ಪಟ್ಟಿ ಬಿಗಿದು, ನರ ಹುಡುಕುತ್ತ, "ಮನೆಯವ್ರೇ ಆಗ್ಬೇಕು ಅಂತ ಐತೆ. ನೀವಿಬ್ರೂ ಸಂಬಂಧಿಕ್ರಾ? ಏನಂತ ಬರೀಲಿ?" ಎಂದು ಕೇಳಿದರು.

ಆ ಹೆಂಗಸು ಪೆನ್ನು ಹಿಡಿದುಕೊಂಡು ತಬ್ಬಿಬ್ಬಾಗಿ ನನ್ನನ್ನು ನೋಡಿದಳು.

"ಬೀಗರು ಅಂತ ಬರೀರಿ" ಎಂದೆ. "ಇವರ ಮಗನಿಗೆ ಇವತ್ತು ತರೀಕೆರೇಲಿ ಗೊತ್ತಾದ ಹುಡುಗಿಗೆ ನಾನು ಅತ್ತೆ. ಸೋದರಮಾವನ ಹೆಂಡ್ತಿ."

ಅವಳ ಮುಖದಿಂದ ರಕ್ತವೆಲ್ಲ ಇಳಿದುಹೋಯಿತು. ಅವಳು ನನ್ನ ಮುಖ ನೋಡಲಿಲ್ಲ. ಮೆಲ್ಲಗೆ ಬಗ್ಗಿ, ನನ್ನ ಸೀರೆಯ ಅಂಚಿನ ಕೆಳಗೆ ಪಾದಗಳು ಯಾವ ಕಡೆ ತಿರುಗಿವೆಯೆಂದು ನೋಡಿದಳು.

"ಮುಂದಕ್ಕೇ ಅವೆ ಕಣಮ್ಮ" ಎಂದೆ. "ಸೈನ್ ಹಾಕು."